ವೈಂಡಿಂಗ್ ಅಂಗಡಿಯ ಅಪ್ಪನ ಬಗ್ಗೆ ಬರೆದವರಿಗೆ

ನಮಸ್ಕಾರ.

ನಿಮ್ಮ ಲೇಖನ ನಮ್ಮ ಪತ್ರಿಕೆಗೆ ಬಂದಿದೆ. ಮಂಡ್ಯದ ಗುತ್ತಲು ರಸ್ತೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದ, ಅಂದರೆ ಸುಟ್ಟ ತಂತಿಯ ಸುರುಳಿ (ಕಾಯಿಲ್) ಕಿತ್ತು ಹೊಸ ತಂತಿ ಸುತ್ತುತ್ತಿದ್ದ, ಹೋದ ವರ್ಷ ತೀರಿಕೊಂಡ ನಿಮ್ಮ ತಂದೆಯ ನೆನಪು. ಭಾಷೆ ಚೊಕ್ಕವಾಗಿದೆ. ಕಾಗುಣಿತದ ತಪ್ಪು ಹುಡುಕಿದರೂ ಸಿಗಲಿಲ್ಲ, ಈಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ. ಅಪ್ಪನ ಮೇಲೆ ನಿಮಗೆಷ್ಟು ಪ್ರೀತಿ ಅನ್ನುವುದೂ ಗೊತ್ತಾಗುತ್ತದೆ. ಹೊಗಳಿಕೆ ಇಲ್ಲಿಗೆ ಸಾಕು. ಈಗ ಇರುವ ಹಾಗೆ ಇದನ್ನು ಹಾಕುವುದಕ್ಕೆ ಆಗುವುದಿಲ್ಲ.

ಇಂಥವಕ್ಕೆ ಸಾಮಾನ್ಯವಾಗಿ ಎರಡು ಸಾಲಿನ ಉತ್ತರ ಕಳಿಸಿ ಸುಮ್ಮನಾಗುತ್ತೇವೆ. ಅಪ್ಪಂದಿರ ಬಗ್ಗೆ ಬರುವ ಲೇಖನಗಳಿಗೆ ನಮ್ಮಲ್ಲಿ ಬರವಿಲ್ಲ. ಅಪ್ಪಂದಿರ ದಿನ ಬರುವ ಜೂನ್ ತಿಂಗಳಲ್ಲಂತೂ ಕೇಳಲೇಬೇಡಿ. ನಿಮಗೆ ಇಷ್ಟುದ್ದ ಬರೆಯಲು ಕೂತಿದ್ದಕ್ಕೆ ಕಾರಣ ಎರಡನೇ ಪುಟದ ಒಂದು ಸಾಲು: "ಅಪ್ಪ ಸುತ್ತು ಎಣಿಸುವಾಗ ನಾವು ಯಾರೂ ಅವರನ್ನು ಮಾತಾಡಿಸುವ ಹಾಗಿರಲಿಲ್ಲ."

ಇದನ್ನು ಓದಿ ನೆಟ್ಟಗೆ ಕೂತೆ. ಸದ್ಯ, ಅಂಗಡಿಯೊಳಗೆ ಬಂದೆವು ಅಂದುಕೊಂಡೆ. ಮುಂದಿನ ಸಾಲಿಗೇ ನೀವು "ಕಾಯಕವೇ ಕೈಲಾಸ ಎಂದು ನಂಬಿದ ಜೀವ ಅದು" ಅಂತ ಬರೆದು ಶಟರ್ ಎಳೆದುಬಿಟ್ಟಿರಿ. ಎಷ್ಟು ಸುತ್ತು? ಯಾಕೆ ಎಣಿಸಬೇಕು? ತಪ್ಪಿದರೆ ಏನಾಗುತ್ತಿತ್ತು? ನೀವು ಮಕ್ಕಳು ಅಷ್ಟು ಹೊತ್ತು ಎಲ್ಲಿ ಇರುತ್ತಿದ್ದಿರಿ? ಒಂದಕ್ಕೂ ಉತ್ತರ ಇಲ್ಲ. ನನಗೆ ನಿಜವಾಗಿ ಸಿಟ್ಟು ಬಂತು.

ಮೊದಲ ಪುಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್, 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರು, 1933ರಲ್ಲಿ ಸಕ್ಕರೆ ಕಾರ್ಖಾನೆ. ಎಲ್ಲ ಸರಿಯಾಗಿದೆ. ಆದರೆ ಆ ಪುಟದಲ್ಲಿ ನಿಮ್ಮ ಅಪ್ಪ ಇನ್ನೂ ಹುಟ್ಟಿಲ್ಲ. ತೆಗೆದುಬಿಡಿ. ಒಂದನ್ನಾದರೂ ಉಳಿಸಿಕೊಳ್ಳಲೇಬೇಕು ಅಂದರೆ ಇದನ್ನು ಉಳಿಸಿ: ನಿಮ್ಮ ಜಿಲ್ಲೆಯಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಅದೇ ಜಿಲ್ಲೆಯ ರೈತ ಪಂಪ್ ಓಡಿಸಲು ಬೇಕಾದ ತ್ರೀ ಫೇಸ್ ಕರೆಂಟು ಬರುವ ಹೊತ್ತಿಗೆ ಸರಿರಾತ್ರಿಯಲ್ಲಿ ಟಾರ್ಚ್ ಹಿಡಿದು ಗದ್ದೆಗೆ ಹೋಗುವುದನ್ನು ನಿಮ್ಮ ಅಪ್ಪ ಜೀವಮಾನವಿಡೀ ನೋಡಿದವರು. ಅವರ ಅಂಗಡಿ ನಡೆದದ್ದೂ ಆ ಕರೆಂಟಿನ ದೆಸೆಯಿಂದಲೇ. ವೋಲ್ಟೇಜು ನೆಟ್ಟಗಿದ್ದಿದ್ದರೆ ಅಷ್ಟು ಮೋಟಾರು ಯಾಕೆ ಸುಡುತ್ತಿದ್ದವು?

ನನ್ನ ತಕರಾರು ಇರುವುದು ಎರಡನೇ ಪುಟದ ಮೇಲೆ. ಅದರಲ್ಲೂ ಈ ಪ್ಯಾರಾದ ಮೇಲೆ:

"ಅಪ್ಪ ಹಗಲಿರುಳು ದುಡಿದು, ಮೇಣದಬತ್ತಿಯಂತೆ ತಾವು ಕರಗಿ ನಮಗೆ ಬೆಳಕಾದರು. ಎಷ್ಟೇ ಕಷ್ಟವಿದ್ದರೂ ಸದಾ ನಗುಮುಖ. ಪ್ರಾಮಾಣಿಕತೆಗೆ ಇನ್ನೊಂದು ಹೆಸರೇ ಅವರು. ಅವರ ಕೈಯಲ್ಲಿ ಜಾದೂ ಇತ್ತು. ಸುಟ್ಟ ಮೋಟಾರನ್ನು ನೋಡಿದ ತಕ್ಷಣ ಕಾರಣ ಹೇಳಿಬಿಡುತ್ತಿದ್ದರು."

ಒಂದೊಂದಾಗಿ ನೋಡೋಣ.

"ಹಗಲಿರುಳು ದುಡಿದು." ಯಾವ ಹಗಲು, ಯಾವ ಇರುಳು? ನಿಮ್ಮಪ್ಪನ ಕಸುಬಿಗೆ ಸೀಸನ್ ಇದೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಹರಿಯುವ ದಿನಗಳಲ್ಲಿ ಬೋರ್‌ವೆಲ್ ಕಡೆ ಅಷ್ಟಾಗಿ ಯಾರೂ ತಿರುಗಿ ನೋಡುವುದಿಲ್ಲ. ನಾಲೆ ನಿಂತು, ಬಿಸಿಲೇರಿ, ಕಬ್ಬಿನ ಗರಿ ಸುರುಳಿ ಸುತ್ತಿಕೊಳ್ಳಲು ಶುರುವಾಯಿತೋ, ಎಲ್ಲರ ಮೋಟಾರೂ ಒಟ್ಟಿಗೆ ಆನ್ ಆಗುತ್ತವೆ. ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಇಳಿದಷ್ಟೂ ಮೋಟಾರು ಆಂಪ್ಸ್, ಅಂದರೆ ಕರೆಂಟು, ಜಾಸ್ತಿ ಎಳೆಯುತ್ತದೆ, ಕಾಯಿಲ್ ಕಾಯುತ್ತದೆ, ಒಂದು ರಾತ್ರಿ ಹೊಗೆ ಬರುತ್ತದೆ. ಬೆಳಗಾಗುವ ಹೊತ್ತಿಗೆ ನಿಮ್ಮ ಅಂಗಡಿ ಮುಂದೆ ಟಿವಿಎಸ್ ಗಾಡಿಗಳ ಹಿಂದೆ ಗೋಣಿತಾಟು ಸುತ್ತಿ ಕಟ್ಟಿದ ಮೋಟಾರುಗಳು ಬಂದು ನಿಂತಿರುತ್ತಿದ್ದವು, ಅಲ್ವಾ? "ಅಣ್ಣೋ, ಇವತ್ತೇ ಕೊಟ್ಬುಡಣ್ಣ, ಪೈರು ಒಣಗೋಯ್ತದೆ" ಅಂತ ಅಲ್ಲೇ ಜಗಲಿ ಮೇಲೆ ಕೂತವರು ಎಷ್ಟು ಜನ? ನಿಮ್ಮ ಅಪ್ಪನ ಹಗಲಿರುಳು ಅಂದರೆ ಆ ಮಾರ್ಚಿ, ಏಪ್ರಿಲ್. ನಿಮಗೆ ಆಗ ಪರೀಕ್ಷೆಯ ಕಾಲ. ಇಷ್ಟು ಹೇಳಿದರೆ ಸಾಕು, 'ಶ್ರಮಜೀವಿ' ಅನ್ನುವ ಪದ ಹುಡುಕಿಕೊಂಡು ಹೋಗಬೇಕಾಗಿಲ್ಲ.

"ಮೇಣದಬತ್ತಿಯಂತೆ." ಅಲ್ಲ ಮಾರಾಯ್ರೇ, ಕರೆಂಟಿನವರ ಮನೆಯಲ್ಲಿ ಹುಟ್ಟಿ ಅಪ್ಪನಿಗೆ ಮೇಣದಬತ್ತಿ ತಂದಿರಲ್ಲ! ಇದನ್ನು ಕಿತ್ತುಹಾಕಿ. ಬದಲಿಗೆ ಇನ್ನೊಂದು ಹೋಲಿಕೆಯನ್ನೂ ತರಬೇಡಿ.

"ಸದಾ ನಗುಮುಖ." ನಾನು ನಂಬುವುದಿಲ್ಲ. ಎಣಿಸುವಾಗ ಮಾತಾಡಿಸುವ ಹಾಗಿರಲಿಲ್ಲ ಅಂತ ನೀವೇ ಬರೆದಿದ್ದೀರಿ. ಐವತ್ತನೆಯದೋ ಅರವತ್ತನೆಯದೋ ಸುತ್ತಿನಲ್ಲಿ ಪಕ್ಕದಿಂದ "ಅಪ್ಪಾ, ಪೆನ್ಸಿಲ್ಲು" ಅಂದರೆ ಮನುಷ್ಯ ನಗುತ್ತಾನಾ? ಒಮ್ಮೆಯಾದರೂ ರೇಗಿರುತ್ತಾರೆ. ರೇಗಿದ ಆ ಒಂದು ಸಲ ನನಗೆ ಬೇಕು. ಆಮೇಲೆ ಅವರು ಏನು ಮಾಡಿದರು ಅನ್ನುವುದೂ ಬೇಕು. ಸಂಜೆ ಬರುವಾಗ ಪೆನ್ಸಿಲ್ ತಂದರೋ, ಮರೆತರೋ, ಅದು ನಿಮಗೇ ಗೊತ್ತು.

"ಪ್ರಾಮಾಣಿಕತೆಗೆ ಇನ್ನೊಂದು ಹೆಸರು." ಇಲ್ಲಿ ನನಗೆ ತಡೆಯಲಾಗಲಿಲ್ಲ. ನಮ್ಮ ಆಫೀಸಿನ ಬೀದಿಯ ಕೊನೆಗೆ ಒಂದು ವೈಂಡಿಂಗ್ ಅಂಗಡಿ ಇದೆ. ನಿಮ್ಮ ಲೇಖನ ಮಡಚಿ ಜೇಬಿಗಿಟ್ಟುಕೊಂಡು ಅಲ್ಲಿಗೆ ಹೋದೆ. ಈ ಕಸುಬಿನಲ್ಲಿ ಮೋಸ ಹೇಗೆ ಮಾಡುತ್ತಾರೆ ಅಂತ ಕೇಳಿದೆ. ಅವರು ನಕ್ಕು, ಕೂರಿಸಿ, ಟೀ ತರಿಸಿ ಹೇಳಿದರು. ಗೇಜ್ ಕಡಿಮೆ ಮಾಡಬಹುದು, ಅಂದರೆ ಸ್ವಲ್ಪ ಸಣ್ಣ ತಂತಿ. ಸುತ್ತು ಕಡಿಮೆ ಮಾಡಬಹುದು. ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಹಾಕಬಹುದು. ವಾರ್ನಿಷ್ ಒಂದೇ ಕೈ ಬಳಿದು ಒಣಗುವ ಮೊದಲೇ ಕೊಟ್ಟು ಕಳಿಸಬಹುದು. ಎಲ್ಲವೂ ಒಳಗೆ ಕೂತುಬಿಡುತ್ತವೆ, ಗಿರಾಕಿ ಕಣ್ಣಿಗೆ ಏನೂ ಬೀಳುವುದಿಲ್ಲ. ಮೋಟಾರು ಓಡುತ್ತದೆ, ನೀರೂ ಬರುತ್ತದೆ. ಕೆಲವು ತಿಂಗಳಿಗೆ ಮತ್ತೆ ಸುಡುತ್ತದೆ. ರೈತ ಬಂದು ಕೇಳಿದರೆ "ವೋಲ್ಟೇಜ್ ಸರಿ ಇಲ್ಲ ಯಜಮಾನ್ರೇ" ಅಂದರೆ ಆಯಿತು. ವೋಲ್ಟೇಜ್ ಹೇಗಿದ್ದರೂ ಸರಿ ಇರುವುದಿಲ್ಲವಲ್ಲ.

ಇನ್ನೊಂದು ಮಾತು ಹೇಳಿದರು. ಸುಟ್ಟ ಮೋಟಾರಿನಿಂದ ಹಳೇ ಕಾಯಿಲ್ ಕತ್ತರಿಸಿ ಕೀಳುತ್ತಾರಲ್ಲ, ಆ ತಾಮ್ರ ಯಾರದು? ಅದಕ್ಕೆ ಒಳ್ಳೆಯ ರೇಟು ಇದೆ. ಕೆಲವರು ರೈತನಿಗೆ ಹೇಳದೆ ಒಳಗೆ ಹಾಕಿಕೊಳ್ಳುತ್ತಾರೆ. ಕೆಲವರು ಅವನ ಕಣ್ಣೆದುರೇ ತೂಗಿ ಬಿಲ್ಲಿನಲ್ಲಿ ಕಳೆಯುತ್ತಾರೆ. ಕೆಲವರು "ತಗೊಂಡೋಗು, ಗುಜರಿಗೆ ಹಾಕ್ಕೊ" ಅಂತ ಚೀಲಕ್ಕೆ ತುಂಬಿ ಕೊಡುತ್ತಾರೆ.

ನಿಮ್ಮ ಅಪ್ಪ ಇವರಲ್ಲಿ ಯಾರು? ಅಂಗಡಿಯಲ್ಲಿ ತಕ್ಕಡಿ ಇತ್ತೇ? ಇದ್ದರೆ ಅದು ಗಿರಾಕಿ ಕಡೆಗಿತ್ತೋ ಒಳಗಡೆಗಿತ್ತೋ? ನೀವು ಅವರನ್ನು ಪ್ರಾಮಾಣಿಕರು ಅಂದಿರಿ, ನಾನು ತಲೆಯಾಡಿಸಿ ಮುಂದೆ ಹೋದೆ. ತಕ್ಕಡಿ ತೋರಿಸಿದ್ದರೆ ನಿಲ್ಲುತ್ತಿದ್ದೆ.

ಕೊನೆಗೆ, "ಕೈಯಲ್ಲಿ ಜಾದೂ, ನೋಡಿದ ತಕ್ಷಣ ಕಾರಣ." ಇದನ್ನೂ ಅವರಿಗೆ ಓದಿ ಹೇಳಿದೆ. "ಜಾದೂ ಏನಿಲ್ಲ ಸಾರ್, ಬನ್ನಿ" ಅಂತ ಒಂದು ಐದು ಎಚ್‌ಪಿ ಮೋಟಾರಿನ ಸ್ಟೇಟರ್, ಅಂದರೆ ತಂತಿ ಸುತ್ತಿ ಕೂರಿಸುವ ಹೊರಗಿನ ಕಬ್ಬಿಣದ ಭಾಗ, ಎತ್ತಿ ಬಾಗಿಲ ಬೆಳಕಿಗೆ ಹಿಡಿದರು. ಒಳಗೆ ಸುತ್ತಲೂ ಕಾಯಿಲ್‌ಗಳ ಕಟ್ಟು. ಸ್ವಲ್ಪ ದೂರ ಕಪ್ಪಗೆ ಕರಕಲು. ಆಮೇಲೆ ಸ್ವಲ್ಪ ದೂರ ತಾಮ್ರದ ಬಣ್ಣ ಹಾಗೇ ಇದೆ, ವಾರ್ನಿಷ್ ಹೊಳೆಯುತ್ತಿದೆ. ಮತ್ತೆ ಕರಕಲು. ಮತ್ತೆ ಹೊಳಪು. "ಮೂರರಲ್ಲಿ ಎರಡು ಫೇಸ್ ಸುಟ್ಟಿದೆ, ಒಂದು ಹಂಗೇ ಅದೆ. ಅಂದ್ರೆ ಆ ಫೇಸ್‌ಗೆ ಕರೆಂಟೇ ಬಂದಿಲ್ಲ. ಫ್ಯೂಸ್ ಹೋಗಿರ್ಬೇಕು, ಇಲ್ಲ ಲೈನ್ ಕಟ್ಟಾಗಿರ್ಬೇಕು. ಉಳಿದ ಎರಡೇ ಎಳೆದೂ ಎಳೆದೂ ಸತ್ತವೆ. ಇದು ಸ್ಟಾರ್ ಕನೆಕ್ಷನ್. ಡೆಲ್ಟಾ ಆಗಿದ್ರೆ ಒಂದು ಫೇಸ್ ಮಾತ್ರ ಸುಟ್ಟಿರೋದು." ಸ್ಟಾರ್, ಡೆಲ್ಟಾ ಅಂದರೆ ಮೂರು ಫೇಸಿನ ಕಾಯಿಲ್ ಜೋಡಿಸುವ ಎರಡು ಬಗೆಯಂತೆ. ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ವೋಲ್ಟೇಜ್ ಕಡಿಮೆಯಾಗಿದೆ, ಇಲ್ಲವೇ ಪಂಪ್ ತಿರುಗದೆ ಹಿಡಿದುಕೊಂಡಿದೆ. ಒಂದೇ ಜಾಗದಲ್ಲಿ ಸುಟ್ಟು ತೂತಾಗಿದ್ದರೆ ಅಲ್ಲಿ ಇನ್ಸುಲೇಷನ್ ಹರಿದಿದೆ. ಒಳಮೈ ಉಜ್ಜಿದ ಗುರುತಿದ್ದರೆ ಬೇರಿಂಗ್ ಸವೆದು ಒಳಗೆ ತಿರುಗುವ ರೋಟರ್ ತಾಗಿದೆ.

ಇದನ್ನು ನೋಡುವಾಗ ನನ್ನಂಥ ಕರೆಂಟಿನ ಗಂಧಗಾಳಿ ಇಲ್ಲದವನಿಗೂ ಎಷ್ಟು ಖುಷಿಯಾಯಿತು ಗೊತ್ತಾ? ನೀವು ಇದರ ನಡುವೆ ಬೆಳೆದವರು. ವೈಂಡಿಂಗ್ ತಪ್ಪಾಗಿದೆ ಅಂತ ಜಗಳಕ್ಕೆ ಬಂದ ರೈತನಿಗೆ ನಿಮ್ಮ ಅಪ್ಪ ಹೀಗೇ ಸ್ಟೇಟರ್ ಎತ್ತಿ ತೋರಿಸಿರುತ್ತಾರೆ. "ಕಂಡೆನ್ಸರ್ ಹಾಕಿ ಟೂ ಫೇಸಲ್ಲಿ ಓಡ್ಸಿದ್ಯಾ ಇಲ್ವಾ ನಿಜ ಹೇಳು" ಅಂತ, ಮೂರು ಫೇಸಿನ ಮೋಟಾರನ್ನು ಎರಡರಲ್ಲೇ ಓಡಿಸಿದ್ದಕ್ಕೆ, ಬೈದಿರುತ್ತಾರೆ. ಅದನ್ನೆಲ್ಲ ಬಿಟ್ಟು 'ಜಾದೂ' ಅಂದುಬಿಟ್ಟಿರಿ. ವರ್ಷಗಟ್ಟಲೆ ಸುಟ್ಟ ಕಾಯಿಲ್ ನೋಡಿ ನೋಡಿ ಕಲಿತವರಿಗೆ ಆ ಮಾತು ಮರ್ಯಾದೆಯಲ್ಲ.

"ಕೆಲಸದ ವಿವರ ಓದುಗರಿಗೆ ಬೋರ್ ಆಗಬಹುದೆಂದು ಬಿಟ್ಟಿದ್ದೇನೆ" ಅಂತ ಜೊತೆಗಿನ ಪತ್ರದಲ್ಲಿ ಬರೆದಿದ್ದೀರಿ. ನಮ್ಮ ಓದುಗರಲ್ಲಿ ಅರ್ಧದಷ್ಟು ಜನ ಒಂದಲ್ಲ ಒಂದು ಸಲ ಮೋಟಾರು ಹೊತ್ತವರು. ಬೋರ್ ಆಗುವುದು ಮೇಣದಬತ್ತಿ.

ಇಷ್ಟು ಕಟುವಾಗಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ಪ್ಯಾರಾಗಳನ್ನು ನಾನು ಕೈಯಲ್ಲಿ ಎತ್ತಿ ನೋಡಿದ್ದೇನೆ. ನಿಜವಾಗಿಯೂ ಎತ್ತಿ. ನಾನು ಕೆಲಸ ಕಲಿತದ್ದು ಮೈಸೂರಿನ ಒಂದು ಸಣ್ಣ ಪತ್ರಿಕೆಯಲ್ಲಿ, ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ಹೊಸದಾಗಿ ಸೇರಿದವರಿಗೆ ಅಲ್ಲಿ ಮೊದಲು ಕೊಡುತ್ತಿದ್ದದ್ದು ನಿಧನ ವಾರ್ತೆ. ಸತ್ತವರ ಕಡೆಯವರು ಚೀಟಿ ಹಿಡಿದು ಬರುತ್ತಿದ್ದರು. ಅದನ್ನು ತಿದ್ದಿ ಬರೆದು ಕಂಪೋಸಿಂಗ್ ಕೋಣೆಗೆ ಒಯ್ದು ಕೊಡುವುದು ನನ್ನ ಕೆಲಸ. ಅಲ್ಲಿದ್ದ ಹಿರಿಯ ಕಂಪೋಸಿಟರ್ ನನ್ನ ಹಾಳೆಯ ಕೊನೆಯ ಸಾಲುಗಳನ್ನು ಓದುತ್ತಲೇ ಇರಲಿಲ್ಲ. ಹೆಸರು, ವಯಸ್ಸು, ಊರು ಮಾತ್ರ ಜೋಡಿಸುತ್ತಿದ್ದರು. ಆಮೇಲೆ ಹಿಂದಿನ ಹಲಗೆಯಿಂದ ದಾರ ಸುತ್ತಿ ಕಟ್ಟಿಟ್ಟಿದ್ದ ಮೊಳೆಗಳ ಒಂದು ಕಟ್ಟು ತೆಗೆದು ಕೆಳಗೆ ಕೂರಿಸುತ್ತಿದ್ದರು. "ಪತ್ನಿ, ಪುತ್ರರು ಹಾಗೂ ಅಪಾರ ಬಂಧುಬಳಗವನ್ನು ಅಗಲಿದ್ದಾರೆ."

ಕನ್ನಡದ ಮೊಳೆ ಜೋಡಿಸುವುದು ಸುಲಭದ ಮಾತಲ್ಲ. ಅಕ್ಷರ ಬೇರೆ, ಒತ್ತು ಬೇರೆ, ಕೇಸಿನ ತುಂಬ ಮನೆಗಳು. ದಿನಾ ಬೇಕಾಗುವ ಸಾಲನ್ನು ಒಮ್ಮೆ ಜೋಡಿಸಿ ಬಿಚ್ಚದೆ ಇಟ್ಟುಕೊಂಡರೆ ಶ್ರಮ ಉಳಿಯುತ್ತದೆ. ಹಾಗೆ ಅವರ ಹತ್ತಿರ ಹಲವು ಕಟ್ಟುಗಳಿದ್ದವು. ಮೇಷ್ಟ್ರು ತೀರಿಕೊಂಡರೆ "ಅಪಾರ ಶಿಷ್ಯವೃಂದ." ವ್ಯಾಪಾರಿಯಾದರೆ "ಕೊಡುಗೈ ದಾನಿ, ದೈವಭಕ್ತ." ಕಸುಬಿನವರಿಗೂ ಒಂದಿತ್ತು: "ಸರಳ, ಸಜ್ಜನ, ಶ್ರಮಜೀವಿ." ನಿಮ್ಮ ಆ ಪ್ಯಾರಾ ಓದುವಾಗ ನನಗೆ ದಾರ ಕಟ್ಟಿದ ಮೊಳೆಗಳೇ ಕಂಡವು. ಕಂಪೋಸಿಟರ್ ಬಗ್ಗೆ ದೂರಿಲ್ಲ. ಅವರದು ಕೈನೋವು ತಪ್ಪಿಸಿಕೊಳ್ಳುವ ಉಪಾಯ. ನಿಮಗೆ ಆ ಕಷ್ಟ ಇಲ್ಲವಲ್ಲ.

ನಮ್ಮ ಸಂಪಾದಕರಿಗೆ ಈ ಕಟ್ಟುಗಳನ್ನು ಕಂಡರೆ ಆಗುತ್ತಿರಲಿಲ್ಲ. ಇನ್ನೊಬ್ಬ ಸತ್ತವನಿಗೆ ಹೊಂದದ ಒಂದು ಮಾತಾದರೂ ಇರಬೇಕು ಅನ್ನುವುದು ಅವರ ಹಟ. ಒಮ್ಮೆ ದೇವರಾಜ ಮಾರ್ಕೆಟ್ ಹತ್ತಿರದ ಒಬ್ಬ ಟೈಲರ್ ತೀರಿಕೊಂಡಾಗ ಚೀಟಿ ಹಿಂದಕ್ಕೆ ಕೊಟ್ಟು, "ಹೋಗಿ ಮನೆಯವರನ್ನ ಕೇಳ್ಕೊಂಡು ಬಾ" ಅಂದರು. ಸೂತಕದ ಮನೆ. ಏನು ಕೇಳುವುದು? ಗಂಡುಮಕ್ಕಳೆಲ್ಲ ಹೇಳಿದ್ದು ಅದೇ ಸರಳ, ಸಜ್ಜನ. ಗೋಡೆಗೆ ಒರಗಿ ಕೂತಿದ್ದ ಅವರ ಹೆಂಡತಿ ನನ್ನ ಕಡೆ ತಿರುಗಿದರು. "ಊರಿಗೆಲ್ಲ ಹಬ್ಬದ ಹಿಂದಿನ ದಿನ ಹೊಲಿದು ಕೊಟ್ಟರಪ್ಪ. ನನ್ನ ರವಿಕೆ ಮಾತ್ರ ಯಾವತ್ತೂ ಹಬ್ಬ ಮುಗಿದ ಮೇಲೇ." ಹೇಳಿ ನಕ್ಕರು, ನಗುತ್ತಾ ಅತ್ತರು. ಸಂಪಾದಕರು ಅದನ್ನು ಹಾಗೇ ಹಾಕಿದರು. ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ ಅಂತ ನಾನು ಹೆದರಿದ್ದೆ. ಮಗ ಬಂದು ಇನ್ನಷ್ಟು ಪ್ರತಿ ಕೊಂಡುಹೋದ.

ಆ ಹೆಂಗಸಿನ ನೆನಪು ಬಂದದ್ದಕ್ಕೆ ಕಾರಣ ನಿಮ್ಮ ಎರಡನೇ ತಪ್ಪು. ನನ್ನ ಮಟ್ಟಿಗೆ ಮೊದಲನೆಯದಕ್ಕಿಂತ ಇದು ದೊಡ್ಡದು.

ನಿಮ್ಮ ಲೇಖನದ ಅರ್ಧ ಭಾಗ ಅಪ್ಪ ಎಂಥ ಸಂಸಾರಸ್ಥ ಅನ್ನುವುದರ ಬಗ್ಗೆ ಇದೆ. ಕೆಲಸ ಒಂದು ಕಡೆ, ಸಂಸಾರ ಒಂದು ಕಡೆ ಅಂತ ಎರಡು ಭಾಗ ಮಾಡಿದ್ದೀರಿ. ಸಂಸಾರದ ಭಾಗದಲ್ಲಿ ಅಪ್ಪ "ಕುಟುಂಬಕ್ಕಾಗಿ ಜೀವ ತೇಯ್ದರು." ಅಮ್ಮ "ಅವರ ಬೆನ್ನೆಲುಬಾಗಿ ನಿಂತರು." ಅಷ್ಟೇ. ಆದರೆ ಕೆಲಸದ ಭಾಗದಲ್ಲಿ, ನಿಮಗೇ ಗೊತ್ತಿಲ್ಲದ ಹಾಗೆ, ಒಂದು ಕಡೆ ಹೀಗೆ ಬರೆದಿದ್ದೀರಿ: "ರಾತ್ರಿ ಊಟವಾದ ಮೇಲೆ ಅಮ್ಮ ಕತ್ತರಿಸಿ ಮಡಿಸಿಟ್ಟ ಪೇಪರುಗಳನ್ನು ಅಪ್ಪ ಬೆಳಿಗ್ಗೆ ಅಂಗಡಿಗೆ ಒಯ್ಯುತ್ತಿದ್ದರು."

ಇದು ಯಾವ ಪೇಪರು? ಸ್ಟೇಟರ್‌ನ ಒಂದೊಂದು ಸ್ಲಾಟಿನೊಳಗೂ, ಅಂದರೆ ಸೀಳಿನೊಳಗೂ, ತಂತಿ ಇಳಿಸುವ ಮೊದಲು ಇಡುತ್ತಾರಲ್ಲ, ಆ ಇನ್ಸುಲೇಷನ್ ಪೇಪರು. ಇದನ್ನೂ ಬೀದಿ ಕೊನೆಯ ಅಂಗಡಿಯವರನ್ನೇ ಕೇಳಿ ತಿಳಿದುಕೊಂಡೆ. ಒಂದು ಸ್ಟೇಟರ್‌ನಲ್ಲಿ ಇಪ್ಪತ್ತನಾಲ್ಕೋ ಮೂವತ್ತಾರೋ ಸ್ಲಾಟು. ಅಷ್ಟೂ ಪೇಪರು ಒಂದೇ ಅಳತೆಗೆ ಬರಬೇಕು. ಎರಡೂ ತುದಿಯನ್ನು ಅಂಚು ಕಟ್ಟಿ ಮಡಿಸಬೇಕು. ಒಂದು ಗಿಡ್ಡವಾದರೆ ತಂತಿ ಕಬ್ಬಿಣಕ್ಕೆ ತಾಗುತ್ತದೆ, ಮೋಟಾರಿನ ಮೈಗೇ ಕರೆಂಟು ಬರುತ್ತದೆ. ಒದ್ದೆ ಗದ್ದೆಯಲ್ಲಿ ನಿಂತು ಅದನ್ನು ಮುಟ್ಟುವವನ ಗತಿ ಏನು, ಯೋಚಿಸಿ. ನಿಮ್ಮ ಅಮ್ಮ ದಿನಾ ರಾತ್ರಿ ಪಾತ್ರೆ ತೊಳೆದು ಬಂದು ಕೂತು ಕತ್ತರಿಸುತ್ತಿದ್ದದ್ದು ಅದನ್ನು! ನಿಮ್ಮ ಅಪ್ಪ ಅದನ್ನು ಮರುದಿನ ಅಳತೆ ನೋಡದೆ ಸ್ಲಾಟಿಗೆ ಇಳಿಸುತ್ತಿದ್ದರೆ, ಆ ಗಂಡ ಹೆಂಡತಿಯ ಬಗ್ಗೆ ಅದಕ್ಕಿಂತ ಹೆಚ್ಚು ಹೇಳುವ ವಾಕ್ಯವನ್ನು ನಾನಂತೂ ಬರೆಯಲಾರೆ. ನೋಡುತ್ತಿದ್ದರೇ, ಇಲ್ಲವೇ? ನಿಮ್ಮ ಅಮ್ಮನಿಗೆ ಗೊತ್ತಿರುತ್ತದೆ.

"ಬೆನ್ನೆಲುಬು" ಅಂದಿದ್ದೀರಿ. ಕತ್ತರಿ ಹಿಡಿದ ಬೆರಳು ನಿಮ್ಮ ಕಣ್ಣಿಗೆ ಬೀಳಲಿಲ್ಲ.

ಫೀಸಿನ ವಿಷಯವೂ ಹಾಗೆ. "ಎಷ್ಟೇ ಕಷ್ಟವಿದ್ದರೂ ನಮ್ಮ ಶಾಲಾ ಶುಲ್ಕ ತಪ್ಪಿಸಲಿಲ್ಲ" ಅಂತ ಒಂದು ಸಾಲು. ಆದರೆ ನಿಮ್ಮ ಕಡೆ ರೈತರು ಮೋಟಾರು ರಿಪೇರಿಗೆ ಕೈಯಲ್ಲಿ ದುಡ್ಡು ಹಿಡಿದುಕೊಂಡು ಬರುತ್ತಾರೆಯೇ? "ಕಬ್ಬಿನ ದುಡ್ಡು ಬರ್ಲಿ ಕೊಡ್ತೀನಿ" ಅನ್ನುತ್ತಾರೆ. ಕಬ್ಬಿನ ದುಡ್ಡು ಯಾವಾಗ ಬರುತ್ತದೆ ಅನ್ನುವುದು ಮಂಡ್ಯದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ತಾಮ್ರದ ತಂತಿಗೆ ಮಾತ್ರ ಅಂಗಡಿಯವನಿಗೆ ನಗದೇ ಎಣಿಸಬೇಕು. ಜೂನ್‌ನಲ್ಲಿ ಶಾಲೆ ಶುರು. ಹಾಗಾದರೆ ಫೀಸು ಎಲ್ಲಿಂದ ಬಂತು? ಚೀಟಿ ಎತ್ತಿದರೇ? ಬಳೆ ಗಿರವಿ ಇಟ್ಟರೇ? ಸಾಲ ಬರೆದಿಟ್ಟ ಪುಸ್ತಕ ಇದ್ದೇ ಇರುತ್ತದೆ. ಅದರಲ್ಲಿ ಹೊಡೆದುಹಾಕದೆ ಉಳಿದ ಹೆಸರುಗಳೂ ಇರುತ್ತವೆ. ಹೆಸರು ಬರೆಯಬೇಡಿ, ಪಾಪ, ಅವರ ಮಕ್ಕಳೂ ನಮ್ಮ ಓದುಗರೇ. ಪುಸ್ತಕ ಹೇಗಿದೆ ಅಂತ ಬರೆಯಿರಿ.

ಆಸ್ಪತ್ರೆಯ ಭಾಗ, ಕೊನೆಯಲ್ಲಿರುವ ಕವನ, ಇವುಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ಅವು ನನ್ನ ತಲೆಯಲ್ಲಿ ನಿಲ್ಲಲಿಲ್ಲ.

ಈಗ ಮಾಡಬೇಕಾದ ಕೆಲಸ. ಅಮ್ಮ ನಿಮ್ಮ ಜೊತೆಯಲ್ಲೇ ಇದ್ದಾರೆ ಅಂತ ಪತ್ರದಲ್ಲಿ ಬರೆದಿದ್ದೀರಿ. ಒಂದು ಸಂಜೆ ಅವರ ಪಕ್ಕ ಕೂತು ಪೇಪರು ಹೇಗೆ ಮಡಿಸುತ್ತಿದ್ದರು ಅಂತ ಮಾಡಿ ತೋರಿಸಲು ಹೇಳಿ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಬೇಡಿ, ಸುಮ್ನೆ ನೋಡಿ. ಆಮೇಲೆ "ಅಪ್ಪ ಸುತ್ತು ಎಣಿಸುವಾಗ" ಅನ್ನುವ ಸಾಲಿನಿಂದ ಶುರು ಮಾಡಿ ಹೊಸದಾಗಿ ಬರೆಯಿರಿ. ಹಳೆಯದನ್ನು ತಿದ್ದಲು ಹೋಗಬೇಡಿ. 1200 ಪದ ಸಾಕು. ಹಾರ ಹಾಕಿದ ಫೋಟೋ ಬೇಡ, ಅಂಗಡಿಯದು ಯಾವುದಾದರೂ ಇದ್ದರೆ ಕಳಿಸಿ, ಮಸುಕಾಗಿದ್ದರೂ ಪರವಾಗಿಲ್ಲ. ಯೂನಿಕೋಡ್‌ನಲ್ಲೇ ಇರಲಿ. ಮುಂದಿನ ತಿಂಗಳ 10ರ ಒಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ನೋಡುತ್ತೇನೆ. ಹಾಕುತ್ತೇನೆ ಅಂತ ಈಗಲೇ ಮಾತು ಕೊಡುವುದಿಲ್ಲ.

ಇನ್ನೊಂದು. ನಾಲ್ಕು ಪುಟದ ಲೇಖನದಲ್ಲಿ ನಿಮ್ಮ ಅಮ್ಮನ ಹೆಸರು ಎಲ್ಲೂ ಇಲ್ಲ. ಅವರ ಒಪ್ಪಿಗೆ ಕೇಳಿ, ಸೇರಿಸಿ.